ಜರ್ಮನಿಯ ಕ್ರಾಂತಿ ಸೋತಿದ್ದು ಯಾವ ಬೇಡಿಕೆಯಲ್ಲಿ?

ಪ್ರಿಯ ಓದುಗರೇ,

1918ರ ಜರ್ಮನ್ ಕ್ರಾಂತಿಯ ಬಗ್ಗೆ ನಾವು ಪ್ರಕಟಿಸಿದ ಲೇಖನ ಓದಿ ನೀವು ಬರೆದ ಪತ್ರ ತಲುಪಿದೆ. ಉಗ್ರ ಎಡಪಂಥದ ನಾಯಕರಾದ ರೋಸಾ ಲಕ್ಸೆಂಬರ್ಗ್, ಕಾರ್ಲ್ ಲೀಬ್‌ಕ್ನೆಕ್ಟ್ ಇಬ್ಬರ ಕೊಲೆಯಾಗಿ ಕ್ರಾಂತಿಯೇ ಸೋತ ಮೇಲೆ, ಅದರ ಬೇಡಿಕೆಗಳನ್ನು ಇಷ್ಟು ವಿವರವಾಗಿ ಯಾಕೆ ಹೇಳಬೇಕು ಎಂದು ಕೇಳಿದ್ದೀರಿ.

ಎಲ್ಲ ಬೇಡಿಕೆಗಳೂ ಸೋಲಲಿಲ್ಲ, ಅದಕ್ಕೇ ಹೇಳಬೇಕು. ಚಕ್ರವರ್ತಿ ಕೈಸರ್ ಪದವಿ ಬಿಟ್ಟ ಮೂರೇ ದಿನಕ್ಕೆ, ನವೆಂಬರ್ 12ರಂದು, ಹೊಸ ಸರ್ಕಾರ 20 ತುಂಬಿದ ಹೆಂಗಸರಿಗೂ ಗಂಡಸರಿಗೂ ಮತದ ಹಕ್ಕು ಘೋಷಿಸಿತು. ದಿನಕ್ಕೆ ಎಂಟು ಗಂಟೆ ದುಡಿಮೆಗೆ ನವೆಂಬರ್ 15ರಂದು ಮಾಲೀಕರೇ ಒಪ್ಪಿದರು. ಕಾರ್ಖಾನೆಯೇ ಕೈತಪ್ಪುವ ಭಯ ಇದ್ದಾಗ ಒಂದೆರಡು ಗಂಟೆ ಬಿಟ್ಟುಕೊಡುವುದು ಕಷ್ಟವಲ್ಲ, ಅಲ್ವಾ?

ಸೋತಿದ್ದು ಡಿಸೆಂಬರ್‌ನ ಬೇಡಿಕೆಗಳು. ಕ್ರಾಂತಿಯಲ್ಲಿ ಹುಟ್ಟಿಕೊಂಡ ಕಾರ್ಮಿಕರ ಮತ್ತು ಸೈನಿಕರ ಸಮಿತಿಗಳ ಪ್ರತಿನಿಧಿಗಳು ಬರ್ಲಿನ್‌ನಲ್ಲಿ ಸೇರಿದ್ದರು. ಇವರು ಉಗ್ರವಾದಿಗಳೇನಲ್ಲ. ಸಮಿತಿಗಳ ಆಳ್ವಿಕೆಯೇ ಬೇಕು ಎಂಬ ಸಲಹೆಯನ್ನು 344–98 ಮತಗಳಿಂದ ತಳ್ಳಿಹಾಕಿ, ಚುನಾವಣೆಗೆ ಒಪ್ಪಿದವರು. ರೋಸಾಗೂ ಲೀಬ್‌ಕ್ನೆಕ್ಟ್‌ಗೂ ಅಲ್ಲಿ ಜಾಗವೇ ಸಿಗಲಿಲ್ಲ. ಇಷ್ಟು ಸೌಮ್ಯ ಜನ ಕೂಡ ಸೇನೆಯ ವಿಷಯದಲ್ಲಿ ಗಟ್ಟಿಯಾಗಿ ನಿಂತರು. ಸಮವಸ್ತ್ರದ ಮೇಲಿನ ದರ್ಜೆಯ ಗುರುತು ತೆಗೆಯಬೇಕು, ಅಧಿಕಾರಿಗಳನ್ನು ಸೈನಿಕರೇ ಆರಿಸಬೇಕು, ಹಳೇ ಸೇನೆ ಹೋಗಿ ಜನರ ಪಡೆ ಬರಬೇಕು ಎಂದರು. ಗಣಿಗಳು ಸಮಾಜದ ಆಸ್ತಿಯಾಗಬೇಕು ಎಂದೂ ಕೇಳಿದರು.

ಸೇನಾ ಮುಖ್ಯಸ್ಥರು ಖಡಾಖಂಡಿತವಾಗಿ ಒಪ್ಪಲಿಲ್ಲ. ಸರ್ಕಾರದ ಮುಖ್ಯಸ್ಥ ಎಬರ್ಟ್ ನವೆಂಬರ್ 10ರಂದೇ ಸೇನೆಯ ಜನರಲ್ ಗ್ರೋನರ್ ಜೊತೆ ಮಾತು ಮಾಡಿಕೊಂಡಿದ್ದರು: ಸೇನೆ ಸರ್ಕಾರವನ್ನು ಬೆಂಬಲಿಸುತ್ತದೆ, ಸರ್ಕಾರ ಅಧಿಕಾರಿಗಳ ಹಿಡಿತವನ್ನು ಮುಟ್ಟುವುದಿಲ್ಲ ಎಂದು. ಹಾಗಾಗಿ ನಿರ್ಣಯ ಕಾಗದದಲ್ಲೇ ಉಳಿಯಿತು. 1919ರ ಜನವರಿಯಲ್ಲಿ ಬರ್ಲಿನ್‌ನಲ್ಲಿ ಉಗ್ರ ಎಡಪಂಥೀಯರು ಎಬ್ಬಿಸಿದ ದಂಗೆ ಸಿದ್ಧತೆಯಿಲ್ಲದ ದುಡುಕು ಎಂದು ನಾನೂ ಒಪ್ಪುತ್ತೇನೆ. ಆದರೆ ಕ್ರಾಂತಿ ಅದಕ್ಕೂ ಮೊದಲೇ, ಈ ನಿರ್ಣಯ ಮೂಲೆಗೆ ಬಿದ್ದಾಗಲೇ ಸೋತಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

1920ರ ಮಾರ್ಚ್‌ನಲ್ಲಿ ಏನಾಯಿತು ನೋಡಿ. ಕಾಪ್ ಎಂಬ ಬಲಪಂಥೀಯ ರಾಜಕಾರಣಿಯನ್ನು ಗದ್ದುಗೆಗೇರಿಸಲು ಒಂದು ಪಡೆ ಬರ್ಲಿನ್‌ಗೆ ನುಗ್ಗಿತು. ತಡೆಯಬೇಕಾದ ಹಿರಿಯ ಅಧಿಕಾರಿಗಳು ಸುಮ್ನೆ ನಿಂತರು. ಸರ್ಕಾರ ಊರು ಬಿಟ್ಟು ಓಡಿತು. ಅದನ್ನು ಉಳಿಸಿದ್ದು ಕಾರ್ಮಿಕರ ಸಾರ್ವತ್ರಿಕ ಮುಷ್ಕರ. ಮುಷ್ಕರ ನಿಲ್ಲಿಸಲು ಕಾರ್ಮಿಕ ಸಂಘಗಳು ಹಾಕಿದ ಷರತ್ತುಗಳಲ್ಲಿ ಹಳೇ ಮಾತುಗಳೇ ಇದ್ದವು: ನಂಬಲಾಗದ ಪಡೆಗಳನ್ನು ವಿಸರ್ಜಿಸಿ, ಗಣಿಗಳನ್ನು ಸಮಾಜಕ್ಕೆ ಕೊಡಿ. ಸರ್ಕಾರ ಹೂಂ ಎಂದಿತು, ಮಾಡಲಿಲ್ಲ. ರೂರ್ ಪ್ರದೇಶದಲ್ಲಿ ಆಯುಧ ಹಿಡಿದು ನಿಂತ ಕಾರ್ಮಿಕರ ಮೇಲೆ ಅದೇ ಸೇನೆಯನ್ನು ಕಳಿಸಿತು. ಹಾಗೆ ಹೋದವರಲ್ಲಿ ಕಾಪ್‌ನ ಪರ ನಿಂತಿದ್ದ ಪಡೆಗಳೂ ಇದ್ದವು.

– ಸಂಪಾದಕ