ಆರ್ಟ್ಸ್ ಓದಿದವ್ರು ಸೈಕಾಲಜಿ ತಗೋಬಹುದಾ?

ಪ್ರಶ್ನೆ: ಮೇಡಂ, ನಾನು ದಾವಣಗೆರೆಯವ್ಳು, ಸೆಕೆಂಡ್ ಪಿಯುಸಿ ಆರ್ಟ್ಸ್. ಬಿಎನಲ್ಲಿ ಸೈಕಾಲಜಿ ತಗೊಂಡ್ರೆ ಡಿಗ್ರಿ ಮುಗಿದ ತಕ್ಷಣ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬಹುದಾ? ಅಪ್ಪ ಬೇಡ ಅಂತಿದ್ದಾರೆ.

ಉತ್ತರ: ಧಾರಾಳವಾಗಿ ತಗೋಮ್ಮ, ಆರ್ಟ್ಸ್ ಆದ್ರೂ ತೊಂದ್ರೆ ಇಲ್ಲ, ಆದ್ರೆ 3 ವರ್ಷದ ಬಿಎ ಬರೀ ಶುರು ಅಷ್ಟೇ, ಆಮೇಲೆ 2 ವರ್ಷ ಎಂಎ ಇಲ್ಲಾ ಎಂಎಸ್ಸಿ, ಅದರ ಮೇಲೆ ಭಾರತೀಯ ಪುನರ್ವಸತಿ ಪರಿಷತ್ತು ಅಂದ್ರೆ ಆರ್‌ಸಿಐ ಒಪ್ಪಿರೋ ಟ್ರೈನಿಂಗು, ರಿಜಿಸ್ಟ್ರೇಷನ್ನು ಬೇಕೇ ಬೇಕು. ಈ ಲೆಕ್ಕ ಎಲ್ಲಾ ಈಗ್ಲೇ ಅಪ್ಪನ ಮುಂದೆ ಇಡು. ಮಾತ್ರೆ ಬರೆಯೋ ಸೈಕಿಯಾಟ್ರಿಸ್ಟ್ ಬೇರೆ, ಅದು ಎಂಬಿಬಿಎಸ್ ದಾರಿ. ಮತ್ತೆ ಸ್ಟ್ಯಾಟಿಸ್ಟಿಕ್ಸ್ ಇದ್ದೇ ಇರುತ್ತೆ, ಮೀನ್ (ಸರಾಸರಿ), ಸ್ಟ್ಯಾಂಡರ್ಡ್ ಡೀವಿಯೇಷನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋದು), ಕೋರಿಲೇಷನ್ (ಎರಡು ವಿಷಯಗಳ ನಡುವಿನ ನಂಟು) ಎಲ್ಲಾ, ಹೆದರ್ಕೋಬೇಡ, ರಜೆಲೇ ಸ್ವಲ್ಪ ಕಲ್ತ್ಕೋ. ಕಾಲೇಜಲ್ಲಿ ಸೈಕಾಲಜಿ ಲ್ಯಾಬ್ ನಿಜವಾಗ್ಲೂ ನಡೆಯುತ್ತಾ ಅಂತ ಸೀನಿಯರ್ಸ್ ಹತ್ರ ಕೇಳಿನೇ ಫೀಸ್ ಕಟ್ಟು.