ಬೇಗ ದಾಟಿದರೆ ಬಚಾವಾ?

ಪ್ರಶ್ನೆ: ಕೆನಡಾದ ಉತ್ತರದಲ್ಲಿ ಹೆಪ್ಪುಗಟ್ಟಿದ ಸರೋವರಗಳ ಮೇಲೆ ಲಾರಿ ಓಡಿಸುತ್ತಾರಂತೆ. ನೀವೂ ಓಡಿಸಿದವರು. ಐಸ್ ಒಡೆಯುವ ಮೊದಲೇ ಜೋರಾಗಿ ಹೋಗಿ ದಾಟಿಬಿಡುವುದು ಜಾಣತನ ಅಲ್ವಾ?

ಉತ್ತರ: ಖಂಡಿತ ಅಲ್ಲ. ಜೋರಾಗಿ ಹೋದರೇ ಅಪಾಯ ಜಾಸ್ತಿ.

ನಾನು ಓಡಿಸಿದ್ದು ಯೆಲ್ಲೋನೈಫ್ ಊರಿನ ಆಚೆಯ ಟಿಬಿಟ್ ಸರೋವರದಿಂದ ವಜ್ರದ ಗಣಿಗಳಿಗೆ ಹೋಗುವ ದಾರಿಯಲ್ಲಿ. 1982ರಲ್ಲಿ ಲ್ಯೂಪಿನ್ ಚಿನ್ನದ ಗಣಿಗೆಂದು ಶುರುವಾದದ್ದು ಅದು. ಬಹುಪಾಲು ಸರೋವರಗಳ ಮೇಲೆಯೇ ಹೋಗುತ್ತದೆ. ತೆರೆದಿರುವುದು ಫೆಬ್ರವರಿ, ಮಾರ್ಚ್ ಅಷ್ಟೇ. ಗಣಿಗಳಿಗೆ ವರ್ಷಕ್ಕೆ ಬೇಕಾದ ಡೀಸೆಲ್, ಸಿಮೆಂಟ್ ಎಲ್ಲ ಅಷ್ಟರೊಳಗೆ ತಲುಪಬೇಕು. ಆದರೂ ಲೋಡಾದ ಲಾರಿಗೆ ಗಂಟೆಗೆ 25 ಕಿ.ಮೀ. ಮಿತಿ. ದಡ ಹತ್ತಿರ ಬಂದರೆ ಇನ್ನೂ ನಿಧಾನ.

ಯಾಕೆ ಅಂದರೆ, ಐಸ್ ನೀರಿನ ಮೇಲೆ ತೇಲುತ್ತಿರುತ್ತದೆ. ಲಾರಿಯ ಭಾರಕ್ಕೆ ಅದು ಸ್ವಲ್ಪ ಬಾಗುತ್ತದೆ. ಲಾರಿ ಮುಂದೆ ಹೋದಂತೆ ಆ ತಗ್ಗೂ ಜೊತೆಗೇ ಸಾಗುತ್ತದೆ, ಅಡಿಯ ನೀರಿನಲ್ಲಿ ಅಲೆ ಏಳುತ್ತದೆ. ನಿಮ್ಮ ವೇಗವೂ ಅಲೆಯ ವೇಗವೂ ಒಂದಾಯಿತೋ, ಅಲೆ ದೊಡ್ಡದಾಗುತ್ತಾ ಹೋಗುತ್ತದೆ. ಆಳ ಕಮ್ಮಿ ಇರುವ ಕಡೆ ಅಲೆಯೇ ನಿಧಾನ, ಹಾಗಾಗಿ ಕಮ್ಮಿ ಸ್ಪೀಡಿನಲ್ಲೇ ಅದಕ್ಕೆ ಸಿಕ್ಕಿಬೀಳುತ್ತೇವೆ. ದಡಕ್ಕೆ ಬಡಿದು ತಿರುಗಿದ ಅಲೆ ಐಸನ್ನು ಕೆಳಗಿನಿಂದಲೇ ಒಡೆಯಬಲ್ಲದು. ಮುಂದಿನ ಲಾರಿಯ ಹಿಂದೆಯೇ ಅಂಟಿಕೊಂಡು ಹೋಗಬಾರದು ಅನ್ನುವುದೂ ಇದಕ್ಕೇ.

ಪೂರ್ತಿ ಲೋಡಿಗೆ ಸುಮಾರು ಒಂದು ಮೀಟರ್ ದಪ್ಪ ಐಸ್ ಬೇಕು. ಮೇಲೆ ಬಿದ್ದ ಹಿಮ ಕಂಬಳಿ ಹೊದಿಸಿದ ಹಾಗೆ ಚಳಿ ತಡೆಯುತ್ತದೆ, ಅದಕ್ಕೇ ಅದನ್ನು ತಳ್ಳಿ ತೆಗೆಯುತ್ತಲೇ ಇರುತ್ತಾರೆ. 2006ರಲ್ಲಿ ಚಳಿಯೇ ಸಾಲದೆ ರಸ್ತೆ ಬೇಗ ಮುಚ್ಚಿತು. ಉಳಿದ ಡೀಸೆಲನ್ನು ವಿಮಾನದಲ್ಲಿ ಸಾಗಿಸಬೇಕಾಯಿತು. ಆ ಖರ್ಚು ಯೋಚಿಸಿ!

ಇನ್ನು ಸದ್ದು. ಬಾಗಿಲ ಕೆಳಗೇ ಟಪ್ ಅಂತ ಬಿರುಕು ಬಿಡುತ್ತದೆ, ಕ್ಯಾಬಿನ್ನಿನಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಹೊಸಬರು ಬೆವರುತ್ತಾರೆ, ನಾನೂ ಬೆವರಿದ್ದೆ. ಒಣ ಬಿರುಕಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬಿರುಕಿನಿಂದ ನೀರು ಉಕ್ಕಿದರೆ ಮಾತ್ರ ರೇಡಿಯೋದಲ್ಲಿ ಹೇಳಲೇಬೇಕು.

ನನ್ನನ್ನು ಕೇಳಿದರೆ ಐಸಿಗಿಂತ ಕಾಡಿದ್ದು ನಿದ್ದೆ. ಸುತ್ತಲೂ ಬರೀ ಬಿಳಿ, ಹೀಟರ್ ಬೆಚ್ಚಗೆ, ಗಂಟೆಗಟ್ಟಲೆ ಅದೇ ಆಮೆ ವೇಗ. ಆಗ ಆಕ್ಸಿಲರೇಟರ್ ಸ್ವಲ್ಪ ಒತ್ತೋಣ ಅನ್ನಿಸುವುದು ಸಹಜ. ಆದರೆ ದಾರಿಯುದ್ದಕ್ಕೂ ಕಾವಲಿನವರು ಸ್ಪೀಡ್ ಅಳೆಯುತ್ತಿರುತ್ತಾರೆ. ಸಿಕ್ಕಿಬಿದ್ದರೆ ಆ ರಸ್ತೆಗೇ ಬರಬೇಡಿ ಅಂತ ವಾಪಸ್ ಕಳಿಸಬಹುದು.