ಬೆಟ್ಟವೂ ಕಾಣಬೇಕು, ಬಿಸಿಲೂ ತಾಗಬಾರದು: ತೋಟದ ಮನೆಯ ಪಡುವಣ ಕಿಟಕಿ

ಓದುಗರ ಪ್ರಶ್ನೆಗಳಿಗೆ ದಾವಣಗೆರೆಯ ಕಟ್ಟಡ ವಿನ್ಯಾಸ ತಜ್ಞರ ಉತ್ತರ

ಪ್ರಶ್ನೆ: ಚಿತ್ರದುರ್ಗದಿಂದ ಹಿರಿಯೂರಿಗೆ ಹೋಗುವ ರಸ್ತೆಯ ಬಳಿ ನಮ್ಮ ತೋಟದ ಮನೆಯಿದೆ. ಜೋಗಿಮಟ್ಟಿಯ ಬೆಟ್ಟಸಾಲು ಕಾಣಲೆಂದು ಪಡುವಣ ಗೋಡೆಗೆ 8 ಅಡಿ ಅಗಲ, 5 ಅಡಿ ಎತ್ತರದ ಗಾಜಿನ ಕಿಟಕಿ ಇಡಿಸಿದೆವು. ಮಧ್ಯಾಹ್ನ ಮೂರರ ಮೇಲೆ ಅಲ್ಲಿ ಕೂರಲಾಗದೆ ಪರದೆ ಎಳೆದೇ ಇರುತ್ತೇವೆ. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಿದರೆ ಸಾಕೇ?

ಉತ್ತರ: ಸಾಲದು. ಪ್ರತಿ ಬೇಸಿಗೆಯಲ್ಲೂ ಈ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ಅದರ ಹಿಂದೆ ಫಿಲ್ಮ್ ಮಾರುವವರ ಭರವಸೆ ಇರುತ್ತದೆ. ಕಪ್ಪು ಫಿಲ್ಮ್ ಬಿಸಿಲಿನ ಒಂದು ಪಾಲನ್ನು ತಾನೇ ಹೀರಿ ಗಾಜನ್ನು ಕಾಯಿಸುತ್ತದೆ, ಕಾದ ಗಾಜು ಆ ಬಿಸಿಯನ್ನು ಕೋಣೆಗೂ ಬಿಡುತ್ತದೆ. ಅದರ ಜೊತೆಗೆ ಬೆಳಗಿನ ಹೊತ್ತಿನಲ್ಲೂ ಬೆಟ್ಟ ಮಂಕಾಗಿ ಕಾಣುತ್ತದೆ. ಒಳಗಿನ ಪರದೆಯೂ ತಡವಾಗಿ ಬಂದ ಕಾವಲುಗಾರನಂತೆ, ಏಕೆಂದರೆ ಬಿಸಿಲು ಗಾಜು ದಾಟಿದ ಮೇಲೆ ಅದರ ಕಾವು ಮನೆಯೊಳಗೇ ಉಳಿಯುತ್ತದೆ. ನೆರಳು ಯಾವಾಗಲೂ ಗಾಜಿನ ಹೊರಗೆ ಬೀಳಬೇಕು.

ನಿಮ್ಮ ಕಿಟಕಿಗೆ ಎರಡಡಿ ಸಜ್ಜಾ ಇದ್ದೀತು, ಆದರೆ ಪಡುವಣ ದಿಕ್ಕಿನಲ್ಲಿ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಏಪ್ರಿಲ್ ತಿಂಗಳಲ್ಲಿ ಸಂಜೆ ನಾಲ್ಕೂವರೆಯ ಹೊತ್ತಿಗೆ ನಮ್ಮ ಸೀಮೆಯಲ್ಲಿ ಸೂರ್ಯ ದಿಗಂತದಿಂದ ಸುಮಾರು 30 ಡಿಗ್ರಿ ಎತ್ತರದಲ್ಲಿರುತ್ತಾನೆ. ಆ ಓರೆ ಬಿಸಿಲಿಗೆ ಎರಡಡಿ ಸಜ್ಜಾ ಕೊಡುವ ನೆರಳು ಹೆಚ್ಚೆಂದರೆ ಒಂದೂಕಾಲು ಅಡಿ. ಕಿಟಕಿಯ ಮುಕ್ಕಾಲು ಭಾಗ ಬಿಸಿಲಿನಲ್ಲೇ ಉಳಿಯುತ್ತದೆ.

ಹಾಗೆಂದು ಕಿಟಕಿ ಮುಚ್ಚಿಸಬೇಕಾಗಿಲ್ಲ. ಸಂಜೆಯವರೆಗೂ ಬಿಸಿಲು ಮೇಲಿನಿಂದ ಇಳಿಯುತ್ತದೆ, ಬೆಟ್ಟವಾದರೋ ಕಣ್ಣಿನ ಮಟ್ಟದಿಂದ ಸ್ವಲ್ಪವೇ ಮೇಲಿರುತ್ತದೆ, ಆದ್ದರಿಂದ ಒಂದನ್ನು ತಡೆದು ಇನ್ನೊಂದನ್ನು ಉಳಿಸಿಕೊಳ್ಳಲು ಸಾಧ್ಯವಿದೆ. ಆ ಗೋಡೆಗೆ 8 ಅಡಿ ಆಳದ ಹಂಚಿನ ಪಡಸಾಲೆ ಕಟ್ಟಿಸಿ, ಅದರ ಸೂರನ್ನು, ಅಂದರೆ ಚಾವಣಿಯ ಹೊರ ಅಂಚನ್ನು, ನೆಲದಿಂದ 7 ಅಡಿಗೆ ಇಳಿಸಿರಿ. ಕಿಟಕಿಯ ಕೆಳ ಅಂಚು ನೆಲದಿಂದ ಎರಡಡಿ ಎತ್ತರದಲ್ಲಿದ್ದರೆ ಏಪ್ರಿಲ್‌ನಲ್ಲಿ ಹೆಚ್ಚುಕಡಿಮೆ ನಾಲ್ಕೂವರೆಯವರೆಗೆ ಇಡೀ ಗಾಜು ನೆರಳಿನಲ್ಲಿರುತ್ತದೆ. ಕಿಟಕಿಯಿಂದ ಆರಡಿ ಒಳಗೆ ಕುರ್ಚಿಯಲ್ಲಿ ಕೂತವರಿಗೆ ಸೂರಿನ ಕೆಳಗೆ ಸುಮಾರು 12 ಡಿಗ್ರಿಯಷ್ಟು ನೋಟ ಬಿಟ್ಟಿರುತ್ತದೆ. ದೂರದ ಬೆಟ್ಟಕ್ಕೆ ಇಷ್ಟು ಸಾಕು. ಕೆಲಸಕ್ಕೆ ಮೊದಲು ಸೂರು ಬರುವ ಜಾಗದಲ್ಲಿ ಎರಡು ಗಳ ನೆಟ್ಟು, 7 ಅಡಿಗೆ ಹಗ್ಗ ಕಟ್ಟಿ, ಒಳಗೆ ಕೂತು ನೋಡಿರಿ. ಹಗ್ಗವು ಬೆಟ್ಟದ ತುದಿಯನ್ನು ಕತ್ತರಿಸಿದರೆ ಅರ್ಧ ಅಡಿ ಏರಿಸಿರಿ.

ನಾಲ್ಕೂವರೆಯ ನಂತರದ ಬಿಸಿಲಿಗೆ ಸೂರಿನಿಂದ ಬಿದಿರಿನ ತಡಿಕೆಯನ್ನು ಸುತ್ತಿ ಇಳಿಸುವಂತೆ ಕಟ್ಟಿಸಿರಿ, ಕೆಳ ತುದಿಯನ್ನು ಕಂಬಕ್ಕೆ ಬಿಗಿಯಿರಿ. ಬೆಟ್ಟಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರುವ ಸೀಮೆ ನಮ್ಮದು. ಮುಂಗಾರಿನ ಗಾಳಿ ಬೀಸುವುದೂ ಅದೇ ಪಡುವಣದಿಂದ. ಹಸಿರು ಶೇಡ್ ನೆಟ್ ಆ ಗಾಳಿಗೆ ಹರಿಯುವುದನ್ನು ಹಲವು ತೋಟಗಳಲ್ಲಿ ಕಂಡಿದ್ದೇನೆ. ಪಡಸಾಲೆಗೆ ತಗಡು ಬೇಡವೆಂದು ನಾನು ಪಟ್ಟು ಹಿಡಿಯುತ್ತೇನೆ, ಏಕೆಂದರೆ ಕಾದ ತಗಡಿನ ಕೆಳಗೆ ಕೂರುವುದು ಬಿಸಿಲಲ್ಲಿ ಕೂತಷ್ಟೇ ಕಷ್ಟ.

ಮನೆಯ ವಾಯವ್ಯಕ್ಕೆ, ಗೋಡೆಯಿಂದ 20 ಅಡಿ ದೂರದಲ್ಲಿ, ಒಂದು ಹೊಂಗೆ ನೆಡಿರಿ. ಮೇ ತಿಂಗಳಲ್ಲಿ ಸೂರ್ಯ ಮುಳುಗುವುದು ನೇರ ಪಡುವಣಕ್ಕಲ್ಲ, ಸುಮಾರು 20 ಡಿಗ್ರಿ ಉತ್ತರಕ್ಕೆ ಸರಿದು. ಬೆಟ್ಟ ನೇರ ಪಡುವಣಕ್ಕೋ ನೈರುತ್ಯಕ್ಕೋ ಇದ್ದರೆ ಆ ಮರ ನೋಟಕ್ಕೆ ಅಡ್ಡ ಬರುವುದಿಲ್ಲ. ಹೊಂಗೆ ಬೇಸಿಗೆಯ ಆರಂಭದಲ್ಲಿ ಎಲೆ ಉದುರಿಸಿದರೂ ಯುಗಾದಿಯ ಹೊತ್ತಿಗೆ ಚಿಗುರಿ, ಬಿರುಬೇಸಿಗೆಗೆ ದಟ್ಟ ನೆರಳು ಕೊಡುತ್ತದೆ.

ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ಇಂಥದೊಂದು ಪಡುವಣ ಗಾಜನ್ನು ಬರೆದುಕೊಟ್ಟಿದ್ದೆ. ಎರಡನೆಯ ಬೇಸಿಗೆಗೆ ಆ ಮನೆಯವರು ಅದಕ್ಕೆ ಇಟ್ಟಿಗೆ ಕಟ್ಟಿಸಿದರು. ಅಂದಿನಿಂದ ನೆರಳಿನ ಲೆಕ್ಕ ಕೂಡದೆ ಆ ದಿಕ್ಕಿನಲ್ಲಿ ಒಂದಡಿ ಗಾಜನ್ನೂ ನಾನು ಒಪ್ಪುವುದಿಲ್ಲ.

ಪ್ರಶ್ನೆ: ದಕ್ಷಿಣಕ್ಕೆ ಕಿಟಕಿ ಇರಬಾರದೆಂದು ವಾಸ್ತು ಹೇಳುವವರು ಮುಚ್ಚಿಸಲು ಒತ್ತಾಯಿಸುತ್ತಿದ್ದಾರೆ. (ಜಗಳೂರು)

ಉತ್ತರ: ಮುಚ್ಚಿಸಬೇಡಿ, ಎರಡಡಿ ಸಜ್ಜಾದಿಂದಲೇ ಬೇಸಿಗೆಯ ನಡುಹಗಲ ಬಿಸಿಲು ಪೂರ್ತಿ ನಿಲ್ಲುವ ದಿಕ್ಕು ಅದು.

ಪ್ರಶ್ನೆ: ಉತ್ತರಕ್ಕೆ ಬಿಸಿಲು ಬರುವುದಿಲ್ಲವಾದ್ದರಿಂದ ಅಲ್ಲಿ ಸಜ್ಜಾ ಬೇಡವೇ? (ಹರಿಹರ)

ಉತ್ತರ: ಬೇಕು. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಮ್ಮಲ್ಲಿ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ.

ಪ್ರಶ್ನೆ: ನಡುಮನೆ ಕತ್ತಲೆಯಾಗಿದೆ. ಚಾವಣಿಯಲ್ಲಿ 4 ಅಡಿ ಚೌಕದ ಫೈಬರ್ ಶೀಟ್ ಹಾಕಿಸಲೇ? (ಚಳ್ಳಕೆರೆ)

ಉತ್ತರ: ಬೇಡ, ನಡುಹಗಲ ಬಿಸಿಲು ಅದರಿಂದ ನೇರ ಇಳಿಯುತ್ತದೆ. ನಿಮ್ಮೂರಿನ ಹಳೆಯ ಮಾಳಿಗೆ ಮನೆಗಳ ಬೆಳಕಿಂಡಿ ಎಷ್ಟು ಕಿರಿದಾಗಿದೆಯೆಂದು ಒಮ್ಮೆ ನೋಡಿ ಬನ್ನಿ. ಚಾವಣಿಯನ್ನು ಅಲ್ಲಿ ಎರಡಡಿ ಎತ್ತರಿಸಿ, ಉತ್ತರಕ್ಕೆ ಮುಖ ಮಾಡಿದ ನೆಟ್ಟನೆಯ ಗಾಜಿಟ್ಟು, ಅದರ ಮೇಲೆ ಒಂದಡಿ ಸಜ್ಜಾ ಬಿಡಿಸಿರಿ.